ಎಳೆಯುವುದು ಬೇರೆ, ಇರುವುದು ಬೇರೆ

ಹಾಸನವನ್ನು ನಡುವೆ ಇಟ್ಟುಕೊಂಡು ನೋಡಿದರೆ ಚನ್ನರಾಯಪಟ್ಟಣ, ಹೊಳೆನರಸೀಪುರ, ಅರಕಲಗೂಡು ಮೂರೂ ಸುಮಾರು 30ರಿಂದ 40 ಕಿಲೋಮೀಟರ್ ದೂರದಲ್ಲಿವೆ. ಬೆಳಿಗ್ಗೆ ಹೊರಟರೆ ಸಂಜೆಗೆ ಮರಳಬಹುದು. ಮೋಟರ್‌ಹೋಮ್‌ನಲ್ಲಿ ಬಂದ ಸಂಸಾರವೊಂದು ಗೊರೂರಿನ ಹೇಮಾವತಿ ಹಿನ್ನೀರಿನ ಬಳಿ ಯಾರದೋ ತೋಟದಲ್ಲಿ ತಂಗಿದೆ ಎಂದುಕೊಳ್ಳೋಣ. ಅಡುಗೆ, ಹಾಸಿಗೆ, ಸ್ಟೀರಿಂಗ್ ಎಲ್ಲವೂ ಒಂದೇ ಸೂರಿನಡಿ. ಮಾರನೆಯ ದಿನ ರಾಮನಾಥಪುರಕ್ಕೆ ಹೋಗಿ ಕಾವೇರಿಯಲ್ಲಿ ಮಿಂದು ಬರೋಣವೆಂದರೆ ಗ್ಯಾಸ್ ಮುಚ್ಚಬೇಕು, ಪಾತ್ರೆಗಳನ್ನು ಕಪಾಟಿಗೆ ಸೇರಿಸಬೇಕು, ಹಾಸಿಗೆ ಮಡಿಸಬೇಕು, ನೀರಿನ ಪೈಪು ಕಳಚಬೇಕು. ಹಾಲು ಮೊಸರಿಗೆ ಹೋದರೂ ಮನೆಯೇ ಎದ್ದು ಹೋಗಬೇಕು. ಹೊಳೆನರಸೀಪುರದ ಪೇಟೆಬೀದಿಯಲ್ಲಿ ಆ ಮನೆ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಲಕ್ಷ್ಮೀನರಸಿಂಹನ ಗುಡಿಯ ಬಾಗಿಲು ಹಾಕುವ ಹೊತ್ತಾದೀತು.

ಅದನ್ನು ಬಿಟ್ಟು ಟ್ರೈಲರ್ ಕಟ್ಟಿಕೊಂಡವರಿಗೆ ಈ ಪಾಡಿಲ್ಲ. ವಾಸದ ಗಾಡಿಗೆ ಎಂಜಿನ್ ಇರುವುದಿಲ್ಲ. ಎಸ್‌ಯುವಿಯ ಹಿಂದಿನ ಕೊಂಡಿಗೆ ಸಿಕ್ಕಿಸಿ ಎಳೆದು ತರುತ್ತಾರೆ. ಊರು ಸೇರಿದ ಮೇಲೆ ಚಕ್ರಕ್ಕೆ ಅಡ್ಡ ಕೊಟ್ಟು, ಮುಂಭಾಗಕ್ಕೆ ಊರುಗಾಲು ಇಳಿಸಿ, ಕೊಂಡಿ ಬಿಡಿಸುತ್ತಾರೆ. ಆಮೇಲೆ ಎಸ್‌ಯುವಿ ಎಲ್ಲಿಗಾದರೂ ಹೋಗಲಿ, ಹಾಸಿದ ಹಾಸಿಗೆ ಹಾಸಿದಂತೆಯೇ ಇರುತ್ತದೆ. ಇದನ್ನು ಅನುಕೂಲದ ಲೆಕ್ಕವೆಂದು ಅಷ್ಟಕ್ಕೇ ಬಿಡಲು ನನಗೆ ಮನಸ್ಸಾಗದು. ಎಳೆಯುವ ಶಕ್ತಿಯನ್ನೂ ವಾಸಿಸುವ ಜಾಗವನ್ನೂ ಬೇರೆ ಮಾಡಿಡುವುದರಲ್ಲಿ ಬದುಕಿನ ಬಗೆಗೇ ಒಂದು ತಿಳಿವಳಿಕೆ ಇದೆ. ಅದು ಈ ಸೀಮೆಗೆ ಹೊಸತೂ ಅಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಹಿರೀಸಾವೆ ಬಳಿ ಬೂಕನಬೆಟ್ಟದ ರಂಗನಾಥಸ್ವಾಮಿಯ ದನಗಳ ಜಾತ್ರೆ ನಡೆಯುತ್ತದೆ. ಇಂಥ ಜಾತ್ರೆಗಳಿಗೆ ರೈತರು ಗಾಡಿ ಕಟ್ಟಿಕೊಂಡೇ ಬರುತ್ತಿದ್ದ ಕಾಲದಲ್ಲಿ ಗಾಡಿ ನಿಂತ ಮೇಲೆ ಮೊದಲ ಕೆಲಸ ಎತ್ತಿನ ಕೊರಳು ಬಿಡಿಸುವುದು. ಎತ್ತುಗಳಿಗೆ ನೀರು, ಮೇವು. ಮೂಕಿಗೆ ಊರುಗೋಲು ಕೊಟ್ಟು ನಿಲ್ಲಿಸಿದ ಗಾಡಿ ಅಲ್ಲಿಂದ ಮುಂದೆ ಮನೆ: ಅದರ ನೆರಳಿನಲ್ಲಿ ಮೂರು ಕಲ್ಲಿನ ಒಲೆ, ಅದರಡಿಯಲ್ಲಿ ರಾತ್ರಿಯ ನಿದ್ದೆ. ಎಳೆದವರಿಗೆ ದಣಿವಾಗಿದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು, ಆದ್ದರಿಂದ ಬಿಡಿಸುವುದನ್ನು ಯಾರೂ ಮರೆಯುತ್ತಿರಲಿಲ್ಲ. ಎಂಜಿನ್ ಬಂದ ಮೇಲೆ ದಣಿವು ಕಾಣದಾಯಿತು. ದಣಿವು ಕಾಣದ ಕಡೆ ಬಿಡಿಸುವ ಅಭ್ಯಾಸವೂ ತಪ್ಪುತ್ತದೆ. ಇಂಗ್ಲೆಂಡಿನಲ್ಲಿ 1885ರಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನಿವೃತ್ತ ನೌಕಾಪಡೆ ವೈದ್ಯ ಬರೀ ತಿರುಗಾಟಕ್ಕೆಂದೇ ಮಾಡಿಸಿದ ‘ವಾಂಡರರ್’ ಎಂಬ ವಾಸದ ಗಾಡಿಯನ್ನೂ ಎರಡು ಕುದುರೆ ಎಳೆಯುತ್ತಿದ್ದವು. ಸಂಜೆಯಾದರೆ ಆ ಕುದುರೆಗಳನ್ನೂ ಬಿಡಿಸಲೇಬೇಕಿತ್ತು.

ಎತ್ತಿನ ಗಾಡಿ ಹೇರುವವರಿಗೆ ಇನ್ನೊಂದು ವಿಷಯ ಗೊತ್ತು. ಮೂಟೆಗಳು ಅಚ್ಚಿನ ಹಿಂದಕ್ಕೆ ಹೆಚ್ಚಾದರೆ ಹಿಂಭಾರವಾಗಿ ನೊಗ ಮೇಲೇಳುತ್ತದೆ, ಎತ್ತಿನ ಕೊರಳು ಬಿಗಿಯುತ್ತದೆ. ಮುಂದಕ್ಕೆ ಹೆಚ್ಚಾದರೆ ಹೆಗಲು ಬಾಯುತ್ತದೆ. ಹೆಗಲಿನ ಮೇಲೆ ಗಾಡಿಯ ತೂಕ ಸ್ವಲ್ಪ ಕೂರಬೇಕು, ಪೂರಾ ಕೂರಬಾರದು. ಟ್ರೈಲರ್ ವಿಷಯದಲ್ಲೂ ಇದೇ. ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳಬೇಕೆಂಬುದು ಅಮೆರಿಕದಲ್ಲಿ ರೂಢಿ, 1,000 ಕೆ.ಜಿ. ಗಾಡಿಗೆ 100ರಿಂದ 150 ಕೆ.ಜಿ. ಅದಕ್ಕಿಂತ ತೀರಾ ಕಡಿಮೆಯಾದರೆ ವೇಗದಲ್ಲಿ ಗಾಡಿ ಅತ್ತಿಂದಿತ್ತ ಓಲಾಡಲು ಶುರುಮಾಡಿ ಎಳೆಯುವ ವಾಹನವನ್ನೇ ರಸ್ತೆಯಿಂದ ಎಳೆದುಹಾಕಬಲ್ಲದು. ಬಿಡಿಸಬಹುದಾದ ಸಂಬಂಧವೆಂದರೆ ಹಗುರವಾದ ಸಂಬಂಧ ಎಂದು ತಿಳಿಯುವವರು ಈ ಲೆಕ್ಕವನ್ನು ನೋಡಬೇಕು. ಜೊತೆಯಲ್ಲಿ ಸಾಗುವಷ್ಟು ಹೊತ್ತು ಒಂದರ ಭಾರ ಇನ್ನೊಂದರ ಮೇಲೆ ಇರಲೇಬೇಕು.

ಹೊಳೆನರಸೀಪುರದಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವಿದೆ. ಸಚ್ಚಿದಾನಂದೇಂದ್ರ ಸರಸ್ವತಿ ಸ್ವಾಮಿಗಳು (1880–1975) ಕಟ್ಟಿ ಬೆಳೆಸಿದ ಸಂಸ್ಥೆ; ಶಂಕರರ ಭಾಷ್ಯಗಳನ್ನು ಕನ್ನಡದ ಓದುಗರ ಕೈಗೆ ತಲುಪಿಸಿದ್ದು. ಕಠೋಪನಿಷತ್ತಿನಲ್ಲಿ ಬರುವ ರಥದ ಮಾತು ಅಲ್ಲಿಯ ಪುಸ್ತಕಗಳನ್ನು ಓದಿದವರಿಗೆ ಹೊಸದಲ್ಲ: ದೇಹ ರಥ, ಬುದ್ಧಿ ಸಾರಥಿ, ಮನಸ್ಸು ಲಗಾಮು, ಇಂದ್ರಿಯಗಳು ಕುದುರೆ, ಒಳಗೆ ಕೂತವನು ಆತ್ಮ. ಕುದುರೆಗಳನ್ನು ಹತೋಟಿಯಲ್ಲಿಡುವ ಕಡೆಗೇ ನಾವು ಗಮನ ಕೊಡುತ್ತೇವೆ. ನನಗೆ ಈಚೆಗೆ ಹೆಚ್ಚು ಕಾಡುವುದು ಕುದುರೆ ಬೇರೆ, ರಥ ಬೇರೆ ಎಂದು ಅಲ್ಲಿ ಬಿಡಿಬಿಡಿಯಾಗಿ ಎಣಿಸಿರುವ ರೀತಿ. ದುಡಿಯುವ ಚೈತನ್ಯವನ್ನೇ ನಾನು ಎಂದುಕೊಂಡವರಿಗೆ, ದುಡಿಮೆ ನಿಂತ ದಿನ ಇರುವುದಕ್ಕೆ ಜಾಗವೇ ಉಳಿಯುವುದಿಲ್ಲ. ನಿವೃತ್ತಿಯಾದ ತಿಂಗಳಲ್ಲೇ ಕುಸಿದುಹೋಗುವ ಎಷ್ಟೋ ಜನರ ದುಃಖ ಇದೇ. ಅವರಲ್ಲಿ ಮನೆ ಮತ್ತು ಎಂಜಿನ್ ಒಂದೇ ಚಾಸಿಯ ಮೇಲೆ ಕೂತಿರುತ್ತವೆ. ಎಂಜಿನ್ ಕೆಟ್ಟು ಗ್ಯಾರೇಜು ಸೇರಿದರೆ ಮನೆಯೂ ಗ್ಯಾರೇಜು ಸೇರಬೇಕು.

ಟ್ರೈಲರ್ ಓಡುತ್ತಿರುವಾಗ ಅದರೊಳಗೆ ಯಾರೂ ಕೂರುವಂತಿಲ್ಲ. ಟ್ರ್ಯಾಕ್ಟರ್‌ನ ಹಿಂದಿನ ಟ್ರೈಲರ್‌ನಲ್ಲಿ ಮದುವೆಗೆ, ಜಾತ್ರೆಗೆ ಜನ ತುಂಬಿಕೊಂಡು ಹೋಗಿ ಉರುಳಿದ ಸುದ್ದಿಗಳನ್ನು ಓದಿದವರಿಗೆ ಈ ಕಟ್ಟಳೆ ಯಾಕೆಂದು ಹೇಳಬೇಕಿಲ್ಲ. ಹೋಗುವಾಗ ಮನೆ ಖಾಲಿ. ಮನೆಯಲ್ಲಿರುವಾಗ ಹೋಗುವುದು ನಿಂತಿರುತ್ತದೆ. ಮೋಟರ್‌ಹೋಮ್‌ನಲ್ಲಿ ಮಗು ಹಿಂದೆ ಕೂತು ತಿಂಡಿ ತಿನ್ನುತ್ತಾ ಸಾಗಬಹುದು ಎಂಬ ಸುಖ ಕಡಿಮೆಯದೇನಲ್ಲ. ಆದರೂ ಅಲ್ಲಿ ಪಯಣದೊಳಗೆ ಮನೆ, ಮನೆಯೊಳಗೆ ಪಯಣ ಬೆರೆತು ಎರಡೂ ತೆಳುವಾಗುತ್ತವೆ. ಊಟ ಮಾಡುತ್ತಾ ಕೆಲಸ, ಹಬ್ಬದ ಮನೆಯಲ್ಲಿ ಕೂತು ಫೋನಿನಲ್ಲಿ ಆಫೀಸು ನಡೆಸುವ ನಮ್ಮ ದಿನಗಳೂ ಹಾಗೆಯೇ ತೆಳುವಾಗಿವೆ.

ಟ್ರೈಲರ್‌ಗೆ ಅದರದೇ ಕಷ್ಟಗಳಿವೆ. ರಿವರ್ಸ್ ಹೋಗುವಾಗ ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಗಾಡಿಯ ಹಿಂಭಾಗ ಬಲಕ್ಕೆ ಸರಿಯುತ್ತದೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಹಿಂದೆ ಸರಿಸುವ ಹುಡುಗರಿಗೆ ಕರಗತವಾದ ಈ ವಿದ್ಯೆಯನ್ನು ಕಾರಿನವರು ಹೊಸದಾಗಿ ಕಲಿಯಬೇಕು. ಯಾವ ಎಸ್‌ಯುವಿ ಎಷ್ಟು ಎಳೆಯಬಹುದು ಎಂಬುದನ್ನು ಅದರ ಕೈಪಿಡಿಯಲ್ಲೇ ನೋಡಿಕೊಳ್ಳಬೇಕು. ಟ್ರೈಲರ್‌ಗೆ ನೋಂದಣಿಯೂ ಬೇರೆ. 1988ರ ಮೋಟಾರು ವಾಹನ ಕಾಯ್ದೆಯು ಎಂಜಿನ್ ಇಲ್ಲದ ಈ ಗಾಡಿಯನ್ನೂ ಮೋಟಾರು ವಾಹನದ ವ್ಯಾಖ್ಯೆಯೊಳಗೆ ಸೇರಿಸಿಕೊಂಡಿದೆ.

ಗಾಡಿಯೇ ಇಲ್ಲದೆ ಹೋಗುವುದನ್ನೂ ಇರುವುದನ್ನೂ ಬೇರೆ ಮಾಡಿದವರೂ ಈ ಸೀಮೆಗೆ ಬರುತ್ತಾರೆ. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳ ಹತ್ತಿರ. ದಿಗಂಬರ ಮುನಿಗಳು ಅಲ್ಲಿಗೆ ಬರುವುದು ಬರಿಗಾಲಲ್ಲಿ ನಡೆದು. ಅವರಿಗೆ ವಾಹನವೂ ಇಲ್ಲ, ಮನೆಯೂ ಇಲ್ಲ. ನವಿಲುಗರಿಯ ಪಿಂಛಿ, ಒಂದು ಕಮಂಡಲು. ಮಳೆಗಾಲದ ನಾಲ್ಕು ತಿಂಗಳು ಚಾತುರ್ಮಾಸ್ಯವೆಂದು ಒಂದೇ ಊರಿನಲ್ಲಿ ನಿಲ್ಲುತ್ತಾರೆ. ನಡೆಯುವ ಕಾಲ, ನಿಲ್ಲುವ ಕಾಲ ಎಂದು ವರ್ಷವನ್ನೇ ಎರಡು ಮಾಡಿದ ಶಿಸ್ತು ಅದು. ಬೆಟ್ಟದ ಮೇಲೆ ಸುಮಾರು 58 ಅಡಿ ಎತ್ತರಕ್ಕೆ ನಿಂತ ಬಾಹುಬಲಿಯಂತೂ ರಾಜ್ಯ, ಗೆಲುವು, ಅಣ್ಣ ಎಲ್ಲದರಿಂದ ಬಿಡಿಸಿಕೊಂಡವನು. ನಿಂತಲ್ಲೇ ಬಳ್ಳಿ ಹಬ್ಬಿತು. ಆದರೂ ಅವನಿಗೆ ಜ್ಞಾನ ಒದಗಲಿಲ್ಲವಂತೆ. ನಿಂತಿರುವುದು ಅಣ್ಣ ಭರತನ ನೆಲದ ಮೇಲಲ್ಲವೇ ಎಂಬ ಒಂದು ಕೊರಗು ಒಳಗೆ ಉಳಿದಿತ್ತು ಎನ್ನುತ್ತದೆ ಕಥೆ. ಎಲ್ಲ ಕೊಂಡಿ ಬಿಡಿಸಿದ ಮೇಲೂ ನಿಲ್ಲಲು ನೆಲ ಬೇಕು, ಆ ನೆಲ ಇನ್ನೊಬ್ಬರದು.

ಕೊಂಡಿ ಬಿಡಿಸಿ ನಿಲ್ಲಿಸಿದ ಟ್ರೈಲರ್‌ಗೂ ಇದೇ ಪ್ರಶ್ನೆ. ಮೋಟರ್‌ಹೋಮ್‌ನವರು ಯಾರಿಗೂ ಒಂದು ಮಾತು ಹೇಳದೆ ಕೀಲಿ ತಿರುಗಿಸಿ ಹೊರಟುಬಿಡಬಹುದು, ಹಿಂದೆ ಉಳಿಯುವುದು ಏನೂ ಇಲ್ಲ. ಮನೆ ಬಿಟ್ಟು ಹೋಗುವವರಿಗೆ ಅದು ಸಾಧ್ಯವಿಲ್ಲ. ಬಾಹುಬಲಿಯ ಕೊರಗಿಗೆ ಭರತನೇ ಬಂದು ನಮಸ್ಕರಿಸಬೇಕಾಯಿತು. ಇಲ್ಲಿ ನಾವೇ ನೆಲದವರ ಬಳಿಗೆ ಹೋಗಬೇಕು. “ಅಣ್ಣಾ, ಅರಕಲಗೂಡು ಕಡೆ ಹೋಗ್ಬರ್ತೀವಿ, ಗಾಡಿ ಕಡೆ ಸ್ವಲ್ಪ ನೋಡ್ಕೊಳಿ” ಎಂದರೆ ತೋಟದ ಯಜಮಾನರು ಯಾವೂರು, ಎಷ್ಟು ಜನ ಮಕ್ಕಳು, ಇನ್ನೆಷ್ಟು ದಿನ ಇರ್ತೀರಿ ಎಂದೆಲ್ಲ ವಿಚಾರಿಸುತ್ತಾರೆ. ಹೇಗೂ ಪೇಟೆಗೆ ಹೋಗುತ್ತಿದ್ದೀರಲ್ಲ ಎಂದು ಹಸುವಿನ ಹಿಂಡಿಯೋ ಪಂಪಿನ ವಾಷರೋ ತರಲು ಹೇಳಿದರೂ ಹೇಳಿಯಾರು.