ಕೊನೆಯ ಬೆಂಚಿನಲ್ಲಿ ಕುಳಿತವರು



ನನ್ನ ಅಮ್ಮ ಎಷ್ಟೋ ವರ್ಷ ಭಾನುವಾರದ ಪೂಜೆಗೆ ಮುಂದಿನಿಂದ ಮೂರನೆಯ ಬೆಂಚಿನಲ್ಲಿ ಕೂರುತ್ತಿದ್ದಳು. ಎಪ್ಪತ್ತು ದಾಟಿದ ಮೇಲೆ ಬಾಗಿಲ ಪಕ್ಕದ ಕೊನೆಯ ಬೆಂಚಿಗೆ ಬಂದಳು. ಪ್ರಬೋಧನೆಯ ನಡುವೆ ಎದ್ದು ಹೊರಗೆ ಹೋಗತೊಡಗಿದಳು. ‘ಪೂಜೆ ಮಧ್ಯೆ ಹಾಗೆ ಎದ್ದು ಹೋಗಬೇಡಮ್ಮ, ನಾಲ್ಕು ಜನ ನೋಡ್ತಾರೆ’ ಎಂದು ಒಂದು ದಿನ ನಾನು ಗದರಿದೆ. ಮುಂದಿನ ವಾರದಿಂದ ಮಂಡಿನೋವೆಂದು ಹೇಳಿ ಅವಳು ಮನೆಯಲ್ಲೇ ಉಳಿದಳು.

ನಿಜ ಸಂಗತಿ ಹೊರಬಂದದ್ದು ನನ್ನ ಹೆಂಡತಿಯ ಬಳಿ. ಒಂದಕ್ಕೆ ಬಂದರೆ ತಡೆಯಲಾಗದು, ಬಚ್ಚಲು ಮುಟ್ಟುವಷ್ಟರಲ್ಲಿ ಸೀರೆ ಒದ್ದೆ, ರಾತ್ರಿ ನಾಲ್ಕು ಸಲ ಏಳಬೇಕು. ಚರ್ಚಿಗೆ ಹೊರಡುವ ದಿನ ಬೆಳಗಿನಿಂದ ಒಂದು ಗುಟುಕು ನೀರೂ ಕುಡಿಯುತ್ತಿರಲಿಲ್ಲವಂತೆ. ಅದಕ್ಕೂ ಮುಂಚೆ ಎರಡು ಸಲ ಮೊಮ್ಮಗ ಅವಳನ್ನು ಆಸ್ಪತ್ರೆಗೆ ಕರೆದೊಯ್ದಿದ್ದ. ನಮ್ಮ ಹೊಸೂರು ಕಡೆ ಡಾಕ್ಟರು ಕೇಳುವುದು ತಮಿಳಿನಲ್ಲಿ, ಅಮ್ಮನಿಗೆ ಬರುವುದು ಕನ್ನಡ. ನಡುವೆ ಮಾತು ದಾಟಿಸಲು ಹದಿನೆಂಟರ ಹುಡುಗ. ಅವನ ಬಾಯಲ್ಲಿ ಇದನ್ನು ಹೇಳಿಸುವುದು ಹೇಗೆ? ‘ಸುಸ್ತು’ ಎಂದಳು. ಶಕ್ತಿಯ ಮಾತ್ರೆ ಬಂತು.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಅಮೆರಿಕ, ಬ್ರಿಟನ್, ಸ್ವೀಡನ್‌ಗಳಲ್ಲಿ 40 ದಾಟಿದ ಸುಮಾರು 30,000 ಜನರನ್ನು ಕೇಳಿ 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೂತ್ರಕ್ಕೆ ಸಂಬಂಧಿಸಿದ ಒಂದಲ್ಲ ಒಂದು ತೊಂದರೆ ಕೆಲವೊಮ್ಮೆಯಾದರೂ ಆಗುತ್ತದೆ ಎಂದವರು ಗಂಡಸರಲ್ಲಿ ನೂರಕ್ಕೆ 72, ಹೆಂಗಸರಲ್ಲಿ ನೂರಕ್ಕೆ 76. ದೇಶ ಬೇರೆಯಾದರೂ ಶರೀರ ಒಂದೇ. ವಯಸ್ಸಾದಂತೆ ಮೂತ್ರಕೋಶ ಹಿಡಿದಿಡುವ ಪ್ರಮಾಣ ಕಡಿಮೆಯಾಗುತ್ತದೆ. ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿ ಮೂತ್ರದ ದಾರಿಯನ್ನು ಒತ್ತುತ್ತದೆ. ಹೆಂಗಸರಲ್ಲಿ ಹೆರಿಗೆಯಿಂದಲೂ ಮುಟ್ಟು ನಿಂತ ಮೇಲಿನ ಬದಲಾವಣೆಯಿಂದಲೂ ಮೂತ್ರ ಹಿಡಿದಿಡುವ ಸ್ನಾಯುಗಳು ಸಡಿಲವಾಗುತ್ತವೆ. ಸಕ್ಕರೆ ಕಾಯಿಲೆ, ಬಿಪಿಗೆ ಕೊಡುವ ಕೆಲವು ಮಾತ್ರೆ, ಮಲಬದ್ಧತೆ ಇವೂ ಕಾರಣವಾಗಬಹುದು.

ಇಷ್ಟು ಜನರಿಗಿರುವುದನ್ನು ಒಬ್ಬೊಬ್ಬರೂ ತಮಗೊಬ್ಬರಿಗೇ ಎಂಬಂತೆ ಬಚ್ಚಿಡುವುದೇಕೆ? ಮಾನಕ್ಕಾಗಿ ಎನ್ನುತ್ತೇವೆ. ಮಾನ ದೊಡ್ಡದು, ಅದನ್ನು ಹಗುರ ಮಾಡಬಾರದು. ತನ್ನ ಕಷ್ಟವನ್ನು ಯಾರಿಗೆ ಹೇಳಬೇಕೆಂಬುದು ಅಮ್ಮನ ಇಷ್ಟ. ಇದನ್ನು ಬರೆಯುವ ಮುನ್ನವೂ ಅವಳನ್ನು ಕೇಳಿದೆ; ‘ಬರಿ, ಹೆಸರು ಹಾಕಬೇಡ’ ಎಂದಳು. ಆದರೆ ಮಾನ ಬೇರೆ, ನಾಚಿಕೆ ಬೇರೆ. ಮಾನ ಮನುಷ್ಯರನ್ನು ಕಾಯುತ್ತದೆ. ಅಮ್ಮನಿಗೆ ನೀರು ಬಿಡಿಸಿ, ಚರ್ಚು ಬಿಡಿಸಿ, ಸುಳ್ಳು ಹೇಳಿಸಿದ್ದು ನಾಚಿಕೆ. ಅದರಲ್ಲಿ ನನ್ನ ಪಾಲೂ ಇತ್ತು. ತಪ್ಪು ಮಾಡಿದವರು ನಾಚಬೇಕು, ಮುಪ್ಪು ತಪ್ಪಲ್ಲ. ಎಳೆಗೂಸಾಗಿದ್ದ ನನ್ನ ಬಟ್ಟೆ ತೊಳೆಯುವಾಗ ಅವಳು ನಾಚಿರಲಿಲ್ಲ.

ಇನ್ನೊಂದು ತಪ್ಪೂ ನಮ್ಮದೇ. ‘ವಯಸ್ಸಾಯಿತಲ್ಲ, ಎಲ್ಲರಿಗೂ ಇದ್ದದ್ದೇ’ ಎಂದು ಬಿಟ್ಟುಬಿಡುತ್ತೇವೆ. ಎಲ್ಲರಿಗೂ ಇದೆ ಎಂದರೆ ಸಹಿಸಲೇಬೇಕು ಎಂದಲ್ಲ. ಕಣ್ಣಿನ ಪೊರೆಯೂ ವಯಸ್ಸಿನದೇ, ಅದಕ್ಕೆ ಆಪರೇಷನ್ ಮಾಡಿಸುತ್ತೇವಲ್ಲ? ಇದಕ್ಕೂ ಸ್ನಾಯು ಬಿಗಿಮಾಡುವ ವ್ಯಾಯಾಮವಿದೆ, ಔಷಧಿಯಿದೆ. ಸಂಜೆಯ ಕಾಫಿ, ಟೀ ಕಡಿಮೆ ಮಾಡಬಹುದು. ದಿನವಿಡೀ ನೀರು ಬಿಡುವುದು ಮಾತ್ರ ಸಲ್ಲ. ಮೂತ್ರದಲ್ಲಿ ರಕ್ತ ಕಂಡರೆ, ಉರಿಯೊಂದಿಗೆ ಜ್ವರ ಬಂದರೆ, ಮೂತ್ರ ಕಟ್ಟಿಕೊಂಡರೆ ಅಂದೇ ಡಾಕ್ಟರಲ್ಲಿಗೆ ಹೋಗಬೇಕು.

ತಂದೆತಾಯಿಯರನ್ನು ಗೌರವಿಸಬೇಕೆಂಬ ನಾಲ್ಕನೆಯ ಆಜ್ಞೆ ಎಂದರೆ ಹಬ್ಬಕ್ಕೊಂದು ಸೀರೆ, ತಿಂಗಳಿಗೊಮ್ಮೆ ಔಷಧಿ ಎಂದಷ್ಟೇ ನಾನು ತಿಳಿದಿದ್ದೆ. ಕತ್ತಲಲ್ಲಿ ಎಡವಿ ಬೀಳದಂತೆ ಬಚ್ಚಲ ದಾರಿಗೊಂದು ದೀಪ, ಆಸ್ಪತ್ರೆಗೆ ಜೊತೆ ಹೋಗಲು ಎರಡೂ ಭಾಷೆ ಬಲ್ಲ ಹೆಂಗಸೊಬ್ಬಳು, ಪೂಜೆಯ ಹೊತ್ತಿನಲ್ಲಿ ಬೀಗ ಹಾಕದ ಶೌಚಾಲಯ: ಇವೂ ಗೌರವವೇ. ಕೊನೆಯದನ್ನು ಧರ್ಮಕೇಂದ್ರದವರಾದ ನಾವು ಈ ಭಾನುವಾರದಿಂದಲೇ ಮಾಡಬಹುದು.

ಅಮ್ಮ ಪೂರ್ತಿ ಗುಣವಾಗಿಲ್ಲ, ಆದರೆ ಮತ್ತೆ ಪೂಜೆಗೆ ಬರುತ್ತಾಳೆ. ಕೂರುವುದು ಕೊನೆಯ ಬೆಂಚಿನಲ್ಲೇ. ಈಗ ನಾನೂ ಅಲ್ಲೇ ಕೂರುತ್ತೇನೆ. ನಡುವೆ ಯಾರಾದರೂ ಎದ್ದು ಹೋದರೆ ದಯವಿಟ್ಟು ತಿರುಗಿ ನೋಡಬೇಡಿ.