ಗಿಡ್ಡರು ಮುಂದೆ, ಉದ್ದನೆಯವರು ಹಿಂದೆ

ಬೆಳಿಗ್ಗೆ ಪ್ರಾರ್ಥನೆಯ ಗಂಟೆ ಹೊಡೆದ ಕೂಡಲೆ ನಾವು ಟೀಚರುಗಳು ಬಾಯಿಪಾಠದಂತೆ ಹೇಳುವ ಮಾತೊಂದಿದೆ: 'ಗಿಡ್ಡರು ಮುಂದೆ, ಉದ್ದನೆಯವರು ಹಿಂದೆ.' 28 ವರ್ಷಗಳಿಂದ ಹೇಳುತ್ತಲೇ ಬಂದಿದ್ದೇನೆ. ಗಿಡ್ಡ ಮಕ್ಕಳಿಗೆ ಯಾರ ಬೆನ್ನೂ ಅಡ್ಡವಾಗದೆ ಎಲ್ಲವೂ ಕಾಣಲಿ ಎನ್ನುವ ಸರಳ ನ್ಯಾಯ ಅದರಲ್ಲಿದೆ. ಉದ್ದನೆಯವರು ಇದಕ್ಕೆ ತಕರಾರು ಮಾಡಿದ್ದನ್ನು ನಾನು ಕಂಡಿಲ್ಲ. ಹಿಂದೆ ನಿಂತರೆ ಪಿಸುಮಾತಾಡಲು ಅನುಕೂಲ ಎಂದು ಅವರಿಗೆ ಖುಷಿಯೇ. ಅದೇ ಮಕ್ಕಳು ಸಂಜೆ ಆಟದ ಬಯಲಿಗೆ ಇಳಿದರೆ ಸಾಲು ತಿರುವುಮುರುವಾಗುತ್ತದೆ. ಉದ್ದನೆಯವರು ಮುಂದೆ, ಗಿಡ್ಡರು ಹಿಂದೆ, ತೀರ ಗಿಡ್ಡರಾದವರು ಸುಣ್ಣದ ಗೆರೆಯ ಆಚೆ. ಹಾಗೆ ಗೆರೆಯ ಆಚೆ ಒಬ್ಬನನ್ನು ನಾನೇ ನಿಲ್ಲಿಸಿದ್ದೆ. ಅದನ್ನು ಹೇಳಬೇಕೆಂದೇ ಇದನ್ನು ಬರೆಯುತ್ತಿದ್ದೇನೆ.

2008ರ ಮಾತು. ಆಗ ನಾನು ಸಿರುಗುಪ್ಪ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದೆ. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಬಿದ್ದಿತ್ತು. ಸಮಾಜ ವಿಜ್ಞಾನದ ಟೀಚರಿಗೆ ಕೆಲಸ ಕಡಿಮೆ ಎನ್ನುವುದು ಎಲ್ಲ ಹೆಡ್‌ಮಾಸ್ಟರುಗಳ ನಂಬಿಕೆ ತಾನೆ? ಸೀಟಿ ನನ್ನ ಕೊರಳಿಗೆ ಬಿತ್ತು. ನಮ್ಮ ಕಡೆ ಕಬಡ್ಡಿ, ಖೋಖೋ, ವಾಲಿಬಾಲ್ ಇದ್ದಷ್ಟು ಫುಟ್‌ಬಾಲ್ ಇಲ್ಲ. ಬಳ್ಳಾರಿಯಾದರೆ ಹಿಂದಿನಿಂದ ದಂಡಿನ ಊರು, ಅಲ್ಲಿ ಬಯಲು ಸಿಕ್ಕಲ್ಲಿ ಹುಡುಗರು ಚೆಂಡು ಒದೆಯುತ್ತಿರುತ್ತಾರೆ. ಸಿರುಗುಪ್ಪದ ಕಡೆ ಎಲ್ಲಿ ನೋಡಿದರೂ ಕಾಲುವೆ ನೀರಿನ ಭತ್ತದ ಗದ್ದೆ. ಆದರೂ ಆ ವರ್ಷ ನಮ್ಮ ಹುಡುಗರಿಗೆ ಫುಟ್‌ಬಾಲಿನ ಹುಚ್ಚು ಹಿಡಿದಿತ್ತು.

ಅವರಲ್ಲಿ ಇಬ್ಬರು ಒಂಬತ್ತನೆಯ ತರಗತಿಯವರು, ಒಂದೇ ಬೆಂಚಿನವರು. ಒಬ್ಬ ಆಗಲೇ ಐದೂವರೆ ಅಡಿ ದಾಟಿದ್ದ, ಮೀಸೆ ಚಿಗುರುತ್ತಿತ್ತು, ದನಿ ಒಡೆದು ಗಡುಸಾಗಿತ್ತು. ಇನ್ನೊಬ್ಬ ನನ್ನ ಭುಜಕ್ಕೂ ಬರುತ್ತಿರಲಿಲ್ಲ. ನಾನೇನು ದೊಡ್ಡ ಎತ್ತರದವಳಲ್ಲ. ಅವನ ಅಂಗಿಯ ತೋಳು ಮೊಳಕೈ ದಾಟಿ ಇಳಿಯುತ್ತಿತ್ತು, ಅಣ್ಣನದಿರಬೇಕು. ಆದರೆ ಚೆಂಡು ಅವನ ಕಾಲಿಗೆ ಬಂದರೆ ಹೇಳಿದ ಮಾತು ಕೇಳುತ್ತಿತ್ತು. ಆಟದ ಗಂಧವಿಲ್ಲದ ನನಗೂ ಅದು ಕಾಣುತ್ತಿತ್ತು. ದೊಡ್ಡ ಹುಡುಗನ ಆಟ ಬೇರೆ. ಚೆಂಡನ್ನು ಮುಂದೆ ಒದೆಯುವುದು, ಹಿಂದೆ ಓಡುವುದು, ಅಡ್ಡ ಬಂದವರು ತಾವೇ ಬೀಳುತ್ತಿದ್ದರು.

ತಾಲ್ಲೂಕು ಕ್ರೀಡಾಕೂಟ ಬಂದದ್ದು ಆಗಸ್ಟಿನಲ್ಲಿ, ಮಳೆಯ ಮಾರನೇ ದಿನ. ನಮ್ಮ ಎರೆಮಣ್ಣಿನ ಗುಣ ನಿಮಗೆ ಗೊತ್ತು. ಒಣಗಿದರೆ ಕೈ ತೂರುವಷ್ಟು ಬಿರುಕು, ನೆನೆದರೆ ಚಪ್ಪಲಿ ಕಿತ್ತುಕೊಳ್ಳುವಷ್ಟು ಅಂಟು. ಅಂಥ ಮಣ್ಣಿನಲ್ಲಿ ಚೆಂಡು ಉರುಳುವುದಿಲ್ಲ, ನಯದ ಆಟ ನಡೆಯುವುದಿಲ್ಲ. ತೂಕವಿದ್ದವನು ನುಗ್ಗಬೇಕು. ನಾನು ಹನ್ನೊಂದು ಹೆಸರು ಬರೆದೆ. ಚಿಕ್ಕವನ ಹೆಸರು ಬರೆಯಲಿಲ್ಲ. ಅವನ ಕೈಗೆ ನೀರಿನ ಕ್ಯಾನು ಕೊಟ್ಟೆ. 'ಮುಂದಿನ ವರ್ಷ ಆಡೀಯಂತೆ, ಮೊದಲು ಉದ್ದ ಆಗು' ಎಂದು ನಕ್ಕೆ ಕೂಡ. ನಾವು ತಾಲ್ಲೂಕಿನಲ್ಲಿ ಗೆದ್ದೆವು, ಬಳ್ಳಾರಿಗೆ ಹೋಗಿ ಸೋತೆವು. ಅಲ್ಲಿಯ ತಂಡದಲ್ಲಿ ನಮ್ಮವನಿಗಿಂತ ದೊಡ್ಡವರು ಮೂವರಿದ್ದರು.

ಮುಂದಿನ ವರ್ಷ ಅವನು ಬಯಲಿಗೆ ಬರಲಿಲ್ಲ. ಅವನ ತಾಯಿ ಒಮ್ಮೆ ಶಾಲೆಯ ಗೇಟಿನಲ್ಲಿ ಸಿಕ್ಕಿದ್ದರು, ಸಸಿ ನಾಟಿಗೆ ಹೋಗುವ ಹೆಣ್ಣುಮಗಳು. 'ಟೀಚರಮ್ಮ, ಅವನು ರೊಟ್ಟಿ ಬಡಿಸಿದಷ್ಟೂ ತಿಂತಾನ್ರಿ, ಉದ್ದನ ಆಗವಲ್ಲ. ಬಾಗಿಲಿಗೆ ಗೆರಿ ಹಾಕಿ ದಿನಾ ನೋಡ್ಕೊಂತಾನ' ಎಂದರು. ಬಾಗಿಲ ಗೆರೆಯ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ನಾನು ನಗುತ್ತಾ ಆಡಿದ ಮಾತನ್ನು ಆ ಹುಡುಗ ಮನೆಗೆ ಒಯ್ದು ಬಾಗಿಲ ಮೇಲೆ ಬರೆದುಕೊಂಡಿದ್ದ. ಹತ್ತನೆಯ ತರಗತಿ ಮುಗಿಯುವ ಹೊತ್ತಿಗೆ ಅವನು ನನ್ನನ್ನು ಮೀರಿ ಬೆಳೆದಿದ್ದ. 'ಈಗ ಆಡೋ' ಎಂದೆ. 'ಬಿಟ್ಟೆ ಟೀಚರ್' ಎಂದ, ಅಷ್ಟೇ.

ದೊಡ್ಡ ಹುಡುಗ ಕೆಲ ವರ್ಷಗಳ ಮೇಲೆ ಸಿಕ್ಕಿದ. ಅಕ್ಕಿ ಮಿಲ್ಲಿನಲ್ಲಿ ಕೆಲಸ. ಎತ್ತರ ಅವತ್ತಿನಷ್ಟೇ ಇತ್ತು. ಕಾಲೇಜಿನಲ್ಲಿ ಆಡಲಿಲ್ಲವೇನೋ ಎಂದು ಕೇಳಿದರೆ, 'ಅಲ್ಲಿ ನನ್ನಂಥೋರು ಎಂಟು ಮಂದಿ ಇದ್ರು ಟೀಚರ್. ಓಡೋದು ಬಿಟ್ರೆ ನನಗ ಏನೂ ಬರ್ತಿದ್ದಿಲ್ಲ' ಎಂದ. ನಾನು ಒಬ್ಬನಿಗೆ ಅನ್ಯಾಯ ಮಾಡಿದೆನೆಂದು ಕೊರಗುತ್ತಿದ್ದವಳು, ಲೆಕ್ಕ ಇಬ್ಬರದೆಂದು ಅವತ್ತು ತಿಳಿಯಿತು. ಇವನಿಗೆ ಆ ಕಾಲದಲ್ಲಿ ಸೋಲುವ ಅವಕಾಶವನ್ನೇ ನಾವು ಕೊಡಲಿಲ್ಲ. ಕಷ್ಟಪಟ್ಟು ಕಲಿಯಬೇಕಾದ ವಯಸ್ಸಿನಲ್ಲಿ ಮೈ ಕೆಲಸ ಮಾಡಿಕೊಟ್ಟಿತು, ನಾವು ಚಪ್ಪಾಳೆ ತಟ್ಟಿದೆವು.

ಇಷ್ಟಕ್ಕೂ ಇಬ್ಬರ ವಯಸ್ಸು ಒಂದೇ ಇತ್ತೇ? ದಾಖಲಾತಿ ಪುಸ್ತಕದಲ್ಲಿ ಇಬ್ಬರದೂ ಜೂನ್ 1. ನಮ್ಮ ರಾಜ್ಯದಲ್ಲಿ ಜೂನ್ 1ರಂದು ಹುಟ್ಟಿದವರು ಎಷ್ಟು ಜನ ಎಂದು ನಿಮ್ಮ ಮನೆಯಲ್ಲೇ ಎಣಿಸಿ ನೋಡಿ. ಶಾಲೆ ಶುರುವಾಗುವ ಹೊತ್ತಿಗೆ ಮಗುವಿಗೆ ವಯಸ್ಸು ತುಂಬಿರಬೇಕಲ್ಲ, ಮೇಷ್ಟ್ರು ಜೂನ್ 1 ಎಂದು ಬರೆದುಬಿಡುತ್ತಿದ್ದರು. ನೌಕರಿಯ ಮೊದಲ ವರ್ಷಗಳಲ್ಲಿ ಬಳ್ಳಾರಿಯ ಒಂದು ಖಾಸಗಿ ಶಾಲೆಯಲ್ಲಿ ನಾನೂ ಬರೆದಿದ್ದೇನೆ. 'ಕುರುಗೋಡಿನ ದೊಡ್ಡಬಸಪ್ಪನ ತೇರು ಎಳೆದ ವಾರ ಹುಟ್ಟಿದ್ದು' ಎನ್ನುವ ತಾಯಿಗೆ, ಯಾವ ವರ್ಷದ ತೇರು ಎಂದು ಕೇಳಿದರೆ ನಗುವೇ ಉತ್ತರ. ನಾನು ಅಂದಾಜಿನಲ್ಲಿ ಬರೆದ ಆ ತಾರೀಖನ್ನು ಹಿಡಿದು ಮುಂದೆ 14ರ ಒಳಗಿನವರು, 17ರ ಒಳಗಿನವರು ಎಂದು ಭಾಗ ಮಾಡುತ್ತಾರೆ! ಬೇಕೆಂದೇ ವಯಸ್ಸು ಇಳಿಸುವವರ ಕಥೆ ಬೇರೆ. ಅದನ್ನು ಹಿಡಿಯಲು ಈಗ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಎಲುಬಿನ ವಯಸ್ಸು ನೋಡುತ್ತಾರೆ.

ಆದರೆ ತಾರೀಖು ನಿಜವೇ ಆಗಿದ್ದರೂ ತೊಡಕು ಮುಗಿಯುವುದಿಲ್ಲ. ಹುಡುಗಿಯರು ಭರದಿಂದ ಬೆಳೆಯುವುದು ಸುಮಾರು 12ರ ಆಸುಪಾಸು, ಹುಡುಗರು 14ರ ಆಸುಪಾಸು. ಆ ಒಂದು ವರ್ಷದಲ್ಲಿ ಹುಡುಗ ಎಂಟು ಹತ್ತು ಸೆಂಟಿಮೀಟರ್ ಏರುವುದುಂಟು. ಒಬ್ಬನಿಗೆ ಅದು ಬೇಗ ಬರುತ್ತದೆ, ಇನ್ನೊಬ್ಬನಿಗೆ ತಡವಾಗಿ. ಒಂದೇ ದಿನ ಹುಟ್ಟಿದ ಹದಿಮೂರರ ಇಬ್ಬರ ಎಲುಬಿನ ವಯಸ್ಸಿನಲ್ಲಿ ಮೂರು ನಾಲ್ಕು ವರ್ಷದ ಅಂತರ ಇರಬಹುದು. ಮಾವಿನ ಮರಕ್ಕೆ ಗೊತ್ತಿರುವ ನಾವು, ಈ ಮರ ತಡವಾಗಿ ಕಾಯಿ ಬಿಡುತ್ತದೆ ಎಂದು ಸುಮ್ಮನಿರುವ ನಾವು, ಮಕ್ಕಳ ವಿಷಯದಲ್ಲಿ ಮಾತ್ರ ಆಗಸ್ಟ್ ತಿಂಗಳ ಒಂದು ದಿನ ನೋಡಿ ತೀರ್ಪು ಕೊಡುತ್ತೇವೆ.

ನನ್ನ ಪರವಾಗಿಯೂ ಮಾತಿದೆ, ಅದನ್ನು ಬಿಡಬಾರದು. ಉಳಿದ ಹತ್ತು ಮಕ್ಕಳಿಗೆ ಗೆಲ್ಲುವ ಆಸೆ ಇತ್ತು, ಅದೂ ನ್ಯಾಯವಾದದ್ದೇ. ಆ ಕೆಸರಿನಲ್ಲಿ ಚಿಕ್ಕವನಿಗೆ ಯಾರಾದರೂ ಡಿಕ್ಕಿ ಹೊಡೆದು ಕಾಲು ಮುರಿದಿದ್ದರೆ ಅವನ ತಾಯಿಗೆ ನಾನು ಏನು ಹೇಳುತ್ತಿದ್ದೆ? ಇದನ್ನೆಲ್ಲ ಮನಸ್ಸಿನಲ್ಲಿ ತೂಗಿದ್ದೇನೆ. ಆದರೂ ಒಂದು ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಕಾಲು ಮುರಿಯುವ ಭಯವಿದ್ದರೆ ಒಣಗಿದ ದಿನ ಅವನನ್ನು ಆಡಿಸಬಹುದಿತ್ತಲ್ಲ? ಅವತ್ತೂ ಆಡಿಸಲಿಲ್ಲ. ಕಪ್ಪಿನ ಜೊತೆ ಹೆಡ್‌ಮಾಸ್ಟರರ ಕೋಣೆಯಲ್ಲಿ ಫೋಟೋಕ್ಕೆ ನಿಲ್ಲುವುದು ನನಗೂ ಬೇಕಿತ್ತು.

ಬೇರೆ ದಾರಿಯೇ ಇಲ್ಲವೆಂದಲ್ಲ. ನಮ್ಮ ಗರಡಿಯ ಹಿರಿಯರಿಗೆ ಇದು ಗೊತ್ತಿತ್ತು. ಜಾತ್ರೆಯ ಕುಸ್ತಿಯಲ್ಲಿ ಮೊದಲು ಜೋಡಿ ನೋಡುತ್ತಾರೆ. ಪಕ್ಕಪಕ್ಕ ನಿಲ್ಲಿಸಿ, ಭುಜ ಮುಟ್ಟಿ, ಸಮ ಎನ್ನಿಸಿದರೆ ಮಾತ್ರ ಅಖಾಡಕ್ಕೆ ಬಿಡುತ್ತಾರೆ. ಅವರು ಯಾರ ಜನ್ಮಪತ್ರಿಕೆಯನ್ನೂ ಕೇಳುವುದಿಲ್ಲ. ತೋರಣಗಲ್ಲಿನ ಹತ್ತಿರ ವಿಜಯನಗರದಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಕ್ರೀಡಾ ಸಂಸ್ಥೆಯಲ್ಲಿ ಕುಸ್ತಿ, ಬಾಕ್ಸಿಂಗ್, ಜೂಡೋ ಕಲಿಸುತ್ತಾರೆ. ಈ ಮೂರರಲ್ಲೂ ತೂಕ ನೋಡಿಯೇ ಎದುರಾಳಿ. ಫುಟ್‌ಬಾಲಿನಲ್ಲಿ ಹಾಗಿಲ್ಲ. ಆದರೆ ಕಳೆದ ದಶಕದಲ್ಲಿ ಇಂಗ್ಲೆಂಡಿನ ಪ್ರೀಮಿಯರ್ ಲೀಗ್ ಅಕಾಡೆಮಿಗಳು ಒಂದು ಪ್ರಯೋಗ ಮಾಡಿದವು. ಹುಟ್ಟಿದ ವರ್ಷ ಬಿಟ್ಟು, ಮೈ ಎಷ್ಟು ಬಲಿತಿದೆ ಎಂದು ನೋಡಿ ಮಕ್ಕಳನ್ನು ಗುಂಪು ಮಾಡಿ ಆಡಿಸಿದರು. ಚಿಕ್ಕವರು, ಈಗ ನಮ್ಮ ಆಟ ತೋರಿಸಲು ಆಯಿತು ಎಂದರು. ದೊಡ್ಡವರು, ಈಗ ಕಷ್ಟವಾಯಿತು, ಯೋಚಿಸಿ ಆಡಬೇಕಾಯಿತು ಎಂದರು. ಅದನ್ನು ಓದಿದಾಗ ನನಗೆ ಅಕ್ಕಿ ಮಿಲ್ಲಿನ ಹುಡುಗ ನೆನಪಾದ. ಬೆಲ್ಜಿಯಂ ದೇಶದವರು ತಡವಾಗಿ ಬೆಳೆಯುವ ಹುಡುಗರಿಗೆಂದೇ ಪ್ರತ್ಯೇಕ ರಾಷ್ಟ್ರೀಯ ಕಿರಿಯರ ತಂಡ ಕಟ್ಟಿದ್ದಾರೆ.

ಈ ವಿಷಯ ಎತ್ತಿದರೆ ಸ್ಟಾಫ್ ರೂಮಿನಲ್ಲಿ ಯಾರಾದರೂ ಮೆಸ್ಸಿಯ ಹೆಸರು ಹೇಳಿಯೇ ಹೇಳುತ್ತಾರೆ. ಬೆಳವಣಿಗೆಯ ಹಾರ್ಮೋನಿನ ಕೊರತೆಯಿದ್ದ ಹುಡುಗ, 2000ದಲ್ಲಿ ಹದಿಮೂರನೆಯ ವಯಸ್ಸಿಗೆ ಬಾರ್ಸಿಲೋನಾ ಕ್ಲಬ್ಬಿಗೆ ಬಂದ, ಚಿಕಿತ್ಸೆಯ ಖರ್ಚನ್ನು ಕ್ಲಬ್ಬೇ ವಹಿಸಿತು, 2022ರಲ್ಲಿ ವಿಶ್ವಕಪ್ ಗೆದ್ದ. ಫ್ರಾನ್ಸಿನ ಗ್ರೀಜ್ಮನ್ ಚಿಕ್ಕವನೆಂದು ತನ್ನ ದೇಶದ ಹಲವು ಕ್ಲಬ್ಬುಗಳಿಗೆ ಬೇಡವಾದ, ಸ್ಪೇನಿನವರು ಕರೆದುಕೊಂಡರು, 2018ರ ವಿಶ್ವಕಪ್ ಫೈನಲಿನಲ್ಲಿ ಫ್ರಾನ್ಸಿಗೇ ಗೋಲು ಹೊಡೆದ. ನಮ್ಮ ಬೆಂಗಳೂರು ತಂಡದ ಸುನಿಲ್ ಛೆಟ್ರಿಯ ಎತ್ತರ 170 ಸೆಂಟಿಮೀಟರ್, ಭಾರತಕ್ಕೆ 90ಕ್ಕೂ ಹೆಚ್ಚು ಗೋಲು. ಎಲ್ಲ ನಿಜ, ಕೇಳಲು ಚೆಂದ. ಆದರೆ ಈ ವಾದ ನನಗೆ ಹಿಡಿಸುವುದಿಲ್ಲ. ಮುಂದೆ ಮೆಸ್ಸಿಯಾದಾನು ಎಂದು ಒಬ್ಬನನ್ನು ಆಡಿಸುವುದಾದರೆ, ಮೆಸ್ಸಿಯಾಗದ ಮಗು ಏನು ಮಾಡಬೇಕು? ನನ್ನ ಹುಡುಗ ಏನೂ ಆಗದಿರಬಹುದಿತ್ತು. ಒಂಬತ್ತನೆಯ ತರಗತಿಯಲ್ಲಿ ಒಂದು ಸಂಜೆ ಆಡಿ ಮನೆಗೆ ಹೋಗಬಹುದಿತ್ತು. ಗಣಿತದಲ್ಲಿ ಮುಂದೆ ರಾಮಾನುಜನ್ ಆಗುತ್ತಾರೆಂದು ನಾವು ಮಗ್ಗಿ ಹೇಳಿಕೊಡುತ್ತೇವೆಯೇ?

ಇನ್ನೊಂದು ಮಾತು. ಎಲ್ಲ ಗಿಡ್ಡತನವೂ ದೇವರು ಕೊಟ್ಟದ್ದಲ್ಲ. ನಮ್ಮ ಭಾಗದ ಪ್ರಾಥಮಿಕ ಶಾಲೆಗಳಲ್ಲಿ 2002ರಲ್ಲಿ ಅಕ್ಷರ ದಾಸೋಹದ ಬಿಸಿಯೂಟ ಶುರುವಾಯಿತು. ಡಿಸೆಂಬರ್ 2021ರಿಂದ ಮೊಟ್ಟೆ, ಬೇಡವೆಂದವರಿಗೆ ಬಾಳೆಹಣ್ಣು. ರಜೆ ಮುಗಿಸಿ ಬಂದ ಕೆಲವು ಮಕ್ಕಳು ಸೊರಗಿರುವುದನ್ನು ನಾವು ಟೀಚರುಗಳೆಲ್ಲ ಕಂಡಿದ್ದೇವೆ. ಬಯಲಿನಲ್ಲಿ ಉದ್ದನೆಯವರನ್ನು ಆರಿಸುವಾಗ ಎಷ್ಟೋ ಸಲ ನಾವು ಅವರ ಮನೆಯ ಅಡುಗೆಯನ್ನು ಆರಿಸುತ್ತಿರುತ್ತೇವೆ.

ಮುಂದೆ ನನಗೆ ಕುರುಗೋಡಿಗೆ ವರ್ಗವಾಯಿತು. ಅಲ್ಲಿ ಇದೇ ಪ್ರಶ್ನೆ ನನಗೆ ಉಲ್ಟಾ ಕಂಡಿತು. ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿ, ತರಗತಿಯ ಹುಡುಗರಿಗೆಲ್ಲ ತಲೆಯೆತ್ತರ ಹೆಚ್ಚು. ಚೆಂಡು ಒದ್ದರೆ ಹುಡುಗರೇ ಸರಿಯುತ್ತಿದ್ದರು. ಅಂಥ ಮೈಕಟ್ಟು ಹುಡುಗನಿಗಿದ್ದರೆ ನಾವು ಕ್ಯಾಪ್ಟನ್ ಮಾಡುತ್ತಿದ್ದೆವು. ಅವಳ ಅಜ್ಜಿ ಬಂದು, 'ದೊಡ್ಡಾಕಿ ಆಗ್ಯಾಳ್ರಿ ಟೀಚರ್, ಮೈ ನೋಡ್ರಿ, ಇನ್ನ ಬಯಲಾಗ ಕುಣಿಯೋದು ಬ್ಯಾಡ' ಎಂದು ಕರೆದುಕೊಂಡು ಹೋದರು. ಆಕೆಗೆ ಆಗ ಹದಿಮೂರು. ಗಂಡುಹುಡುಗನನ್ನು ಬಯಲಿಗೆ ಕರೆತರುವ ಎತ್ತರವೇ ಹೆಣ್ಣುಹುಡುಗಿಯನ್ನು ಬಯಲಿನಿಂದ ಹೊರಗೆ ಕಳಿಸುತ್ತದೆ. ನಾನೂ ಹನ್ನೆರಡಕ್ಕೆ ಉದ್ದವಾಗಿದ್ದವಳು, ಆಮೇಲೆ ಬೆಳೆಯಲೇ ಇಲ್ಲ. ಖೋಖೋ ಆಡುತ್ತಿದ್ದೆ ಎಂದು ಹೇಳಿದರೆ ನನ್ನ ಮಕ್ಕಳು ನಂಬುವುದಿಲ್ಲ. ನನ್ನನ್ನು ಯಾರೂ ಬೈದು ಬಿಡಿಸಲಿಲ್ಲ. ಒಂದು ದಿನ ಅಮ್ಮ ಲಂಗದ ಅಂಚು ಬಿಚ್ಚಿ ಉದ್ದ ಮಾಡುತ್ತಾ, 'ಇನ್ನು ಸಂಜೆ ನನ್ನ ಜೊತೆ ಇರು' ಎಂದಳು. ನಿಮ್ಮಲ್ಲಿ ಎಷ್ಟು ಜನರಿಗೆ ಹೀಗೆಯೇ ಆಟ ನಿಂತಿತೋ.

ಆ ಅಜ್ಜಿಯ ಮನೆಗೆ ಎರಡು ಸಲ ಹೋದೆ. ಮೊದಲ ಸಲ ಚಹಾ ಕೊಟ್ಟು ಕಳಿಸಿದರು. ಎರಡನೆಯ ಸಲ ನಾನು ಆಟದ ಮಾತನ್ನೇ ಎತ್ತಲಿಲ್ಲ, ಅವರ ಮೊಣಕಾಲು ನೋವಿನ ಬಗ್ಗೆ ಮಾತಾಡಿದೆ. ಹೊರಡುವಾಗ ಅವರೇ, 'ಐದು ಗಂಟಿ ಒಳಗ ಮನಿ ಮುಟ್ಟಬೇಕು, ನೀವೇ ನಿಂತು ಆಡಿಸ್ತೀರಂದ್ರ ಕಳಿಸ್ತೀನಿ' ಎಂದರು. ಒಂದೂವರೆ ವರ್ಷ ನಾನು ನಿಂತೆ.

ಈಗ ಬಳ್ಳಾರಿಯಲ್ಲಿದ್ದೇನೆ. ಒಳ್ಳೆಯ ದೈಹಿಕ ಶಿಕ್ಷಕರಿದ್ದಾರೆ, ಸೀಟಿ ಅವರ ಬಳಿಯೇ ಇದೆ. ಶನಿವಾರ ಬೆಳಗಿನ ಶಾಲೆ ಮುಗಿದ ಮೇಲೆ ಒಂದು ತಾಸು ಮಾತ್ರ ನನಗೆ ಬಿಟ್ಟುಕೊಟ್ಟಿದ್ದಾರೆ. ತರಗತಿ ನೋಡದೆ ಮಕ್ಕಳನ್ನು ಪಕ್ಕಪಕ್ಕ ನಿಲ್ಲಿಸಿ, ಗರಡಿಯವರಂತೆ ಜೋಡಿ ನೋಡಿ ಎರಡು ಆಟ ಆಡಿಸುತ್ತೇನೆ. ತಂಡ ಆರಿಸುವ ದಿನ ಅವರು ಅವರ ಲೆಕ್ಕದಲ್ಲೇ ಆರಿಸುತ್ತಾರೆ, ನಾನು ತಲೆಹಾಕುವುದಿಲ್ಲ. ತಲೆಹಾಕಬೇಕೇ ಎಂಬುದು ಇನ್ನೂ ತೀರ್ಮಾನವಾಗಿಲ್ಲ. ಹೋದ ಶನಿವಾರ ಹತ್ತನೆಯ ತರಗತಿಯ ಗಿಡ್ಡ ಹುಡುಗನೊಬ್ಬ ಎಂಟನೆಯವರ ಸಾಲಿಗೆ ಬಂದು ಮುಖ ಊದಿಸಿಕೊಂಡು ನಿಂತ. 'ಇದು ಅವಮಾನ ಟೀಚರ್' ಎಂದ. ಅವನ ಮಾತಲ್ಲಿ ತಪ್ಪೇನಿತ್ತು? ಎರಡನೆಯ ಆಟದಲ್ಲಿ ಅವನನ್ನು ದೊಡ್ಡವರ ಕಡೆ ಕಳಿಸಿದೆ. ಮೂರು ಸಲ ಬಿದ್ದ, ಮೊಣಕಾಲು ತರಚಿತು. ಆಟ ಮುಗಿದ ಮೇಲೆ ನಲ್ಲಿಯ ಹತ್ತಿರ ಮೊಣಕಾಲು ತೊಳೆಯುತ್ತಾ, ಮುಂದಿನ ವಾರ ಯಾವ ಕಡೆ ಎಂದು ಕೇಳಿದ. ನಿನಗೆ ಯಾವುದು ಬೇಕು ಎಂದೆ. 'ಎರಡೂ' ಎಂದ.