ಟಂಕಸಾಲೆಯಲ್ಲಿ ನ್ಯೂಟನ್

ಮೇಲಿನ ಬಿಂದುವಿನಿಂದ ಓರೆಯಾಗಿ ಕೆಳಗಿರುವ ಇನ್ನೊಂದು ಬಿಂದುವಿಗೆ ಮಣಿಯೊಂದು ತನ್ನ ಭಾರದಿಂದಲೇ ಜಾರಿಬರಬೇಕು. ಯಾವ ದಾರಿ ಹಿಡಿದರೆ ಎಲ್ಲಕ್ಕಿಂತ ಬೇಗ ತಲುಪೀತು? ಸ್ವಿಟ್ಜರ್ಲೆಂಡಿನ ಯೋಹಾನ್ ಬರ್ನೌಲಿ ಯುರೋಪಿನ ಗಣಿತಜ್ಞರಿಗೆ ಒಡ್ಡಿದ ಸವಾಲು ಇದು. 1697ರ ಜನವರಿಯಲ್ಲಿ ಅದು ಐಸಾಕ್ ನ್ಯೂಟನ್ನನ ಮನೆಗೂ ಬಂತು. ಸಂಜೆ ನಾಲ್ಕಕ್ಕೆ ಕೆಲಸದಿಂದ ದಣಿದು ಬಂದವನು ಬೆಳಗಿನ ಜಾವ ನಾಲ್ಕರೊಳಗೆ ಅದನ್ನು ಬಿಡಿಸಿಟ್ಟ ಎಂದು ಅವನ ಸೋದರ ಸೊಸೆ ಕ್ಯಾಥರೀನ್ ಹೇಳಿದ್ದಾಳೆ. ಆ ರಾತ್ರಿಗೆ ಲೋಕವೆಲ್ಲ ಬೆರಗಾಗಿದೆ. ನನ್ನ ಬೆರಗು ಆ ಹಗಲಿನದು. ಅಷ್ಟು ದಣಿದು ಅವನು ಬಂದದ್ದಾದರೂ ಎಲ್ಲಿಂದ?

ಲಂಡನ್ ಟವರ್ ಕೋಟೆಯೊಳಗಿನ ಟಂಕಸಾಲೆಯಿಂದ. ಅವನ 'ಪ್ರಿನ್ಸಿಪಿಯಾ' ಗ್ರಂಥ ಹೊರಬಂದ ಒಂಬತ್ತು ವರ್ಷಕ್ಕೆ, 1696ರಲ್ಲಿ, ದೇಶದ ಹಣಕಾಸು ನೋಡಿಕೊಳ್ಳುತ್ತಿದ್ದ ಗೆಳೆಯ ಚಾರ್ಲ್ಸ್ ಮಾಂಟೆಗ್ಯು ಅಲ್ಲಿನ ವಾರ್ಡನ್ ಹುದ್ದೆ ಕೊಡಿಸಿದ್ದ. ಸಂಬಳ ದೊಡ್ಡದು, ಬಿಡುವಾದಾಗ ಬಂದುಹೋದರೆ ಸಾಕು ಎಂಬ ಭರವಸೆಯೂ ಇತ್ತು. ಹಾಜರಿ ಹಾಕಿ ಎದ್ದುಬರಬಹುದಾದ ಕೆಲಸ ಅನ್ನಿ. ನ್ಯೂಟನ್ ಹಾಗೆ ಮಾಡಲಿಲ್ಲ.

ಆಗ ಇಂಗ್ಲೆಂಡಿನ ಬೆಳ್ಳಿನಾಣ್ಯದ ಮಾನ ಹೋಗಿತ್ತು. ಸುತ್ತಿಗೆಯಿಂದ ಬಡಿದು ಮಾಡಿದ ಹಳೆಯ ನಾಣ್ಯಗಳ ಅಂಚನ್ನು ಕತ್ತರಿಸಿ, ಚೂರು ಕರಗಿಸಿ ಮಾರುವವರು ಊರೆಲ್ಲ ಇದ್ದರು. ಎಷ್ಟೋ ನಾಣ್ಯಗಳಲ್ಲಿ ಅರ್ಧ ತೂಕವೇ ಉಳಿದಿರಲಿಲ್ಲ. ಅವನ್ನೆಲ್ಲ ವಾಪಸು ಪಡೆದು, ಕರಗಿಸಿ, ಯಂತ್ರದಲ್ಲಿ ಹೊಸದಾಗಿ ಅಚ್ಚೊತ್ತಬೇಕಿತ್ತು. ಯಂತ್ರದ ನಾಣ್ಯದ ಅಂಚಿಗೆ ಗೀರೋ ಅಕ್ಷರವೋ ಇರುತ್ತಿತ್ತು. ಚೂರು ಕೆತ್ತಿದರೂ ಗೊತ್ತಾಗಿಬಿಡುತ್ತಿತ್ತು. ಯಂತ್ರ ತಿರುಗಿಸಲು ಎಷ್ಟು ಕುದುರೆ, ಎಷ್ಟು ಆಳು, ದಿನಕ್ಕೆ ಎಷ್ಟು ಬೆಳ್ಳಿ ಎಂದು ಧೂಮಕೇತುವಿನ ಹಾದಿ ಲೆಕ್ಕಹಾಕಿದವನು ಬರೆದಿಟ್ಟುಕೊಂಡ. ಮುಂದೆ ಒಂದು ಧೂಮಕೇತುವಿಗೇ ಹೆಸರಾದ ಎಡ್ಮಂಡ್ ಹ್ಯಾಲಿಯನ್ನು ಚೆಸ್ಟರ್ ಊರಿನ ತಾತ್ಕಾಲಿಕ ಟಂಕಸಾಲೆಗೆ ಅಧಿಕಾರಿಯಾಗಿ ಕಳಿಸಿದ್ದೂ ಅವನೇ.

ಖೋಟಾ ನಾಣ್ಯದವರನ್ನು ಹಿಡಿಸುವುದೂ ವಾರ್ಡನ್ನನ ಪಾಲಿಗಿತ್ತು. ಮೊದಮೊದಲು ಬೇಡವೆಂದು ಬೇಡಿಕೊಂಡ. ಒಪ್ಪಿದ ಮೇಲೆ ತಾನೇ ಕೂತು ಸಾಕ್ಷಿಗಳ ಹೇಳಿಕೆ ಬರೆಸಿಕೊಂಡ. ವಿಲಿಯಂ ಚಾಲೋನರ್ ಎಂಬ ಚತುರ ಖೋಟಾಗಾರ, ಟಂಕಸಾಲೆಯವರೇ ಅಯೋಗ್ಯರು, ಅದನ್ನು ಸರಿಮಾಡುವವನು ನಾನು ಎಂದು ಪಾರ್ಲಿಮೆಂಟಿನ ಮುಂದೆಯೇ ಹೇಳಿಕೊಂಡಿದ್ದ. ನ್ಯೂಟನ್ ಪಟ್ಟುಬಿಡದೆ ಸಾಕ್ಷ್ಯ ಕೂಡಿಹಾಕಿದ. ಜೀವ ಉಳಿಸೆಂದು ಚಾಲೋನರ್ ಕಾಗದ ಬರೆದು ಗೋಗರೆದರೂ 1699ರಲ್ಲಿ ಅವನನ್ನು ಗಲ್ಲಿಗೇರಿಸಿದರು. ಇಲ್ಲಿ ನನ್ನ ಬೆರಗಿಗೆ ಅಂಜಿಕೆಯೂ ಕೂಡುತ್ತದೆ. ಬೆಳಕನ್ನು ಏಳು ಬಣ್ಣಕ್ಕೆ ಒಡೆದು ನೋಡಿದ ಗಮನವೇ ಇದೂ ಅಲ್ಲವೇ?

ಅದೇ ವರ್ಷದ ಕೊನೆಗೆ ಅವನು ಟಂಕಸಾಲೆಯ ಮಾಸ್ಟರ್ ಆದ. 1727ರಲ್ಲಿ ಸಾಯುವವರೆಗೂ ಆ ಹುದ್ದೆಯಲ್ಲಿದ್ದ. ವರ್ಷಗಟ್ಟಲೆ ಕುಲುಮೆಯ ಮುಂದೆ ಗುಟ್ಟಾಗಿ ರಸವಿದ್ಯೆಯ ಬೆನ್ನುಹತ್ತಿದ್ದವನಿಗೆ ರಾಜ್ಯದ ಚಿನ್ನವೆಲ್ಲ ತೂಗುವ ಕೆಲಸ! ವಿಧಿಗೂ ಹಾಸ್ಯಪ್ರಜ್ಞೆ ಇದೆ.

ಅವನ ಲೆಕ್ಕದಲ್ಲಿ ನಮ್ಮ ದೇಶವೂ ಬಂತು. ಇಂಡಿಯಾದಲ್ಲಿ ಒಂದು ತೂಕ ಚಿನ್ನಕ್ಕೆ ಸುಮಾರು ಹನ್ನೆರಡು ತೂಕ ಬೆಳ್ಳಿ, ಚೀನಾ ಜಪಾನುಗಳಲ್ಲಿ ಒಂಬತ್ತೋ ಹತ್ತೋ. ಇಂಗ್ಲೆಂಡಿನಲ್ಲಿ ಹದಿನೈದಕ್ಕೂ ಮೇಲೆ. ಬೆಳ್ಳಿ ಪೂರ್ವಕ್ಕೆ ಹಡಗು ಹತ್ತುವುದು ಇದರಿಂದಲೇ ಎಂದು 1717ರ ವರದಿಯಲ್ಲಿ ಬರೆದ. ಗಿನಿ ಎಂಬ ಚಿನ್ನದ ನಾಣ್ಯದ ಬೆಲೆಯನ್ನು 21 ಶಿಲ್ಲಿಂಗಿಗೆ ಇಳಿಸಿದರು. ಅಷ್ಟು ಇಳಿಸಿದ್ದು ಸಾಲಲಿಲ್ಲ. ಬೆಳ್ಳಿ ಹೋಗುತ್ತಲೇ ಇತ್ತು, ಚಿನ್ನ ಉಳಿಯಿತು. ಯಾರೂ ತೀರ್ಮಾನಿಸದೆಯೇ ಬ್ರಿಟನ್ ಚಿನ್ನದ ನಾಣ್ಯಪದ್ಧತಿಗೆ ಹೊರಳಿತು. ಕಾನೂನು ಅದನ್ನು ಒಪ್ಪಿಕೊಂಡದ್ದು 1816ರಲ್ಲಿ, ನ್ಯೂಟನ್ ತೀರಿಕೊಂಡು 89 ವರ್ಷಗಳಾದ ಮೇಲೆ.